ದೋಣಿಯಲ್ಲಿ ಸ್ಪೀಕರ್ ಉಂಟು, ರೇಡಿಯೋ ಎಲ್ಲುಂಟು?

ಕಳೆದ ಡಿಸೆಂಬರಿನಲ್ಲಿ ನಮ್ಮ ಗುಂಪಿನ ಒಬ್ಬನ ಅಣ್ಣ ಹೊಸ ಫೈಬರ್ ದೋಣಿ ನೀರಿಗಿಳಿಸಿದರು. ಉದ್ದ 20 ಅಡಿ, ಹಿಂದೆ ಔಟ್‌ಬೋರ್ಡ್ ಎಂಜಿನ್. ಹೋಂಸ್ಟೇಗೆ ಬಂದವರನ್ನು ಅಳಿವೆ ಬಾಗಿಲು ದಾಟಿಸಿ, ಗಾಳ ಹಾಕಿಸಿ, ಡಾಲ್ಫಿನ್ ಕಂಡರೆ ತೋರಿಸಿ ಕರಕೊಂಡು ಬರುವ ದೋಣಿ. ಪೂಜೆಗೆ ನಾವೆಲ್ಲ ಹೋಗಿದ್ದೆವು.

ಪೂಜೆ ಮುಗಿದ ಮೇಲೆ ಅಣ್ಣ ಒಂದೊಂದೇ ತೋರಿಸಿದರು. ಬ್ಲೂಟೂತ್ ಸ್ಪೀಕರ್ ಎರಡು. ಸಂಜೆ ಹೊತ್ತಿಗೆ ಮಿನುಗುವ ನೀಲಿ ಲೈಟು. ಅಡಿಯಲ್ಲಿರುವ ಮೀನನ್ನು ತೋರಿಸುವ ಫಿಶ್ ಫೈಂಡರ್. ಐಸ್ ಪೆಟ್ಟಿಗೆ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು. ಎಲ್ಲ ಚಂದವೇ.

‘ವಯರ್‌ಲೆಸ್ ಎಲ್ಲಿ ಅಣ್ಣ?’ ಅಂತ ಕೇಳಿದೆವು.

‘ಮೊಬೈಲ್ ಉಂಟಲ್ಲ ಮಾರಾಯ. ವಯರ್‌ಲೆಸ್ ಎಲ್ಲ ಟ್ರಾಲ್ ಬೋಟಿನವರಿಗೆ.’

ನಮ್ಮ ಜಗಳ ಈ ಮಾತಿನ ಜೊತೆ. ಅಣ್ಣನ ಜೊತೆ ಅಲ್ಲ. ಯಾಕೆಂದರೆ ಇದನ್ನು ಹೇಳುವವರು ಅವರೊಬ್ಬರೇ ಅಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಸಣ್ಣ ದೋಣಿ ಇಟ್ಟುಕೊಂಡ ಎಷ್ಟೋ ಮಂದಿಯ ಬಾಯಲ್ಲಿ ನಾವು ಇದೇ ಮಾತು ಕೇಳಿದ್ದೇವೆ. ದೋಣಿ ಸಣ್ಣದಾದರೆ ಕಡಲು ಸಣ್ಣದಾಗುವುದಿಲ್ಲ. ಸಣ್ಣ ದೋಣಿಗೇ ರೇಡಿಯೋ ಹೆಚ್ಚು ಬೇಕು. ಸ್ಪೀಕರಿಗಿಂತ ಮೊದಲು ಬೇಕು, ಫಿಶ್ ಫೈಂಡರಿಗಿಂತ ಮೊದಲು ಬೇಕು. ಯಾಕೆ ಬೇಕು, ಯಾವುದು ಬೇಕು ಅಂತ ಇಲ್ಲಿ ಬಿಡಿಸಿ ಹೇಳುತ್ತೇವೆ. ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಮೊಬೈಲ್ ಒಬ್ಬನಿಗೆ, ರೇಡಿಯೋ ಎಲ್ಲರಿಗೆ

ಮೊಬೈಲ್ ಟವರ್ ಕಟ್ಟಿದ್ದು ಊರಿಗಾಗಿ, ಹೈವೇಗಾಗಿ. ಕಡಲಲ್ಲಿ ಸಿಗ್ನಲ್ ಸಿಕ್ಕಿದರೆ ಅದು ನಮ್ಮ ಅದೃಷ್ಟ, ಕಂಪನಿಯವರು ಕೊಟ್ಟ ಮಾತಲ್ಲ. ಒದ್ದೆ ಕೈಯಲ್ಲಿ ಸ್ಕ್ರೀನ್ ಒತ್ತಿದರೆ ಏನಾಗುತ್ತದೆ ಅಂತ ಮಳೆಯಲ್ಲಿ ಬಸ್ಸಿಗೆ ಕಾದ ಎಲ್ಲರಿಗೂ ಗೊತ್ತು.

ಸಿಗ್ನಲ್ ಇದೆ ಅಂತಲೇ ಇಟ್ಟುಕೊಳ್ಳಿ. ಎಂಜಿನ್ ನಿಂತಿದೆ, ಗಾಳಿ ಎದ್ದಿದೆ. ನಿಮ್ಮಿಂದ 2 ಕಿಲೋಮೀಟರ್ ದೂರದಲ್ಲಿ ಒಂದು ಮೀನುಗಾರಿಕೆ ಬೋಟ್ ಕಾಣುತ್ತಿದೆ. ಅದರ ತಾಂಡೇಲರ ನಂಬರ್ ನಿಮ್ಮ ಹತ್ತಿರ ಇದೆಯೇ? ಇಲ್ಲ. ನೀವು ಮನೆಗೆ ಫೋನ್ ಮಾಡುತ್ತೀರಿ. ಮನೆಯವರು ಪಕ್ಕದ ಮನೆಯವರಿಗೆ, ಅವರು ದಕ್ಕೆಯಲ್ಲಿರುವ ಭಾವನಿಗೆ, ಭಾವ ಇನ್ನು ಯಾರಿಗೋ. ಅಷ್ಟರಲ್ಲಿ ಆ ಬೋಟ್ ಬಲೆ ಎಳೆದುಕೊಂಡು ಹೊರಟುಹೋಗಿರುತ್ತದೆ.

ವಿಎಚ್‌ಎಫ್ ರೇಡಿಯೋದಲ್ಲಿ 16ನೇ ಚಾನೆಲ್ ಅಂತ ಒಂದಿದೆ. 156.8 ಮೆಗಾಹರ್ಟ್ಸ್. ಜಗತ್ತಿನ ಎಲ್ಲ ಕಡಲಿನಲ್ಲಿಯೂ ಇದೇ ಆಪತ್ತಿನ ಚಾನೆಲ್. ಅದರಲ್ಲಿ ಒಮ್ಮೆ ಕರೆದರೆ, ರೇಡಿಯೋ ಮುಟ್ಟುವಷ್ಟು ದೂರದಲ್ಲಿ ಆ ಚಾನೆಲ್ ಹಾಕಿಕೊಂಡ ಪ್ರತಿಯೊಬ್ಬರಿಗೂ ಕೇಳುತ್ತದೆ. ನಂಬರ್ ಬೇಡ, ಪರಿಚಯ ಬೇಡ, ರೀಚಾರ್ಜ್ ಬೇಡ. ಗದ್ದೆ ಬದುವಿನಲ್ಲಿ ನಿಂತು ಕೂ ಹಾಕಿದರೆ ಆಚೆ ಗದ್ದೆಯವರೆಲ್ಲ ತಿರುಗಿ ನೋಡುವ ಹಾಗೆ.

ಮೊಬೈಲ್ ಬಿಟ್ಟು ಹೋಗಿ ಅಂತ ನಾವು ಹೇಳುವುದಿಲ್ಲ. ನೀರು ನುಗ್ಗದ ಚೀಲದಲ್ಲಿ ಹಾಕಿ ಕುತ್ತಿಗೆಗೆ ಕಟ್ಟಿಕೊಳ್ಳಿ. ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093, ಇವೆರಡೂ ಅದರಲ್ಲಿ ಸೇವ್ ಆಗಿರಲಿ. ಆದರೆ ಅದು ಎರಡನೆಯದು. ಮೊದಲನೆಯದು ರೇಡಿಯೋ.

ದುರಂತ ಆದ ವಾರ ಮಾತ್ರ ನೆನಪು

2019ರ ಜನವರಿ 21ರಂದು ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಹೋದರು. ರೇಡಿಯೋ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಅಂತ ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಸುಳ್ಳು. ಜನ ಹೆಚ್ಚು ಹತ್ತಿಸಿದ್ದಕ್ಕೂ ಲೈಫ್ ಜಾಕೆಟ್ ಹಾಕದಿದ್ದಕ್ಕೂ ರೇಡಿಯೋ ಮದ್ದಲ್ಲ. ಆದರೆ ಪ್ರತಿ ದುರಂತದ ಮೇಲೂ ಒಂದು ವಾರ ಲೈಫ್ ಜಾಕೆಟ್ ಮಾತು ನಡೆಯುತ್ತದೆ, ರೇಡಿಯೋ ಮಾತು ಬರುವುದೇ ಇಲ್ಲ. ಜಾಕೆಟ್ ಮನುಷ್ಯನನ್ನು ತೇಲಿಸುತ್ತದೆ. ತೇಲುತ್ತಿರುವ ಮನುಷ್ಯ ಎಲ್ಲಿದ್ದಾನೆ ಅಂತ ಯಾರಿಗಾದರೂ ಗೊತ್ತಾಗಬೇಕಲ್ಲ?

2017ರ ನವೆಂಬರ್ ಕೊನೆಗೆ ಒಖಿ ಚಂಡಮಾರುತ ಕನ್ಯಾಕುಮಾರಿ, ತಿರುವನಂತಪುರದ ಮೀನುಗಾರರ ಮನೆಮನೆಗೆ ಸಾವು ತಂದಿತು. ಗಾಳಿಯ ಎಚ್ಚರಿಕೆ ಹೊರಡುವ ಹೊತ್ತಿಗೆ ಬೋಟುಗಳು ದೂರ ಕಡಲಿನಲ್ಲಿದ್ದವು. ಅಲ್ಲಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಅವರದ್ದು ಆಳಸಮುದ್ರದ ಕಥೆ, ಸಾಮಾನ್ಯ ವಿಎಚ್‌ಎಫ್ ಮುಟ್ಟುವುದಕ್ಕಿಂತ ಬಹಳ ದೂರ. ಆದರೆ ದಡದ ಮಾತು ದೋಣಿಗೆ ಕೇಳಬೇಕು, ದೋಣಿಯ ಮಾತು ದಡಕ್ಕೆ ಕೇಳಬೇಕು ಎನ್ನುವ ಪಾಠ ಎಲ್ಲರಿಗೂ ಒಂದೇ.

ಇದು ಮೋಜಿನ ದೋಣಿಯವರ ಮಾತಷ್ಟೇ ಅಲ್ಲ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಎಚ್‌ಪಿ ಒಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಅವಕಾಶ ಉಂಟು. ಅಂದರೆ ವಯರ್‌ಲೆಸ್ ಇರುವ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿರುವ, ಕಡಲು ಅತಿ ಕೆಟ್ಟಿರುವ ಎರಡು ತಿಂಗಳಲ್ಲಿ ಹೊರಗೆ ಹೋಗುವವನು ಸಣ್ಣ ದೋಣಿಯವನು. ಇವನಿಗೆ ರೇಡಿಯೋ ಬೇಡ ಅನ್ನುವುದು ಯಾವ ನ್ಯಾಯ?

ಆನ್‌ಲೈನ್ ವಾಕಿಟಾಕಿ ಎನ್ನುವ ಮೋಸ

ನಮ್ಮ ಒತ್ತಾಯಕ್ಕೆ ಅಣ್ಣ ಒಂದು ತಿಂಗಳ ಮೇಲೆ ಆನ್‌ಲೈನಿನಲ್ಲಿ ವಾಕಿಟಾಕಿ ಜೋಡಿ ತರಿಸಿದರು. ಡಬ್ಬದ ಮೇಲೆ 10 ಕಿ.ಮೀ. ಅಂತ ದಪ್ಪ ಅಕ್ಷರ. ಒಂದನ್ನು ನಾವು ದಡದಲ್ಲಿ ಹಿಡಿದು ನಿಂತೆವು, ಇನ್ನೊಂದು ದೋಣಿಯಲ್ಲಿ. ಅಳಿವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬರೀ ಗೊರಗೊರ ಸದ್ದು.

ದೂರ ಹೋಗದಿದ್ದದ್ದು ಸಣ್ಣ ದೋಷ. ದೊಡ್ಡ ದೋಷ ಬೇರೆ. ಲೈಸೆನ್ಸ್ ಬೇಡದ ವಾಕಿಟಾಕಿಗಳಿಗೆ ನಮ್ಮ ದೇಶದಲ್ಲಿ ಬಿಟ್ಟುಕೊಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಸ್. ಕಡಲಿನ ರೇಡಿಯೋ ಮಾತಾಡುವುದು 156 ಮೆಗಾಹರ್ಟ್ಸಿನಿಂದ ಮೇಲಿನ ಬೇರೆಯೇ ಜಾಗದಲ್ಲಿ. ಒಬ್ಬ ಮಂಗಳೂರು ಆಕಾಶವಾಣಿ ಹಾಕಿದ್ದಾನೆ, ಇನ್ನೊಬ್ಬ ಧಾರವಾಡ ಹಾಕಿದ್ದಾನೆ. ಇವನಲ್ಲಿ ಬಂದದ್ದು ಅವನಿಗೆ ಕೇಳುತ್ತದೆಯೇ? ಈ ವಾಕಿಟಾಕಿಯಲ್ಲಿ ನೀವು ಎಷ್ಟು ಬೊಬ್ಬೆ ಹಾಕಿದರೂ ಕೋಸ್ಟ್ ಗಾರ್ಡಿಗೆ ಕೇಳುವುದಿಲ್ಲ, ಪಕ್ಕದ ಬೋಟಿಗೂ ಕೇಳುವುದಿಲ್ಲ.

ಇನ್ನು ಕೆಲವು ಅಗ್ಗದ ಸೆಟ್‌ಗಳನ್ನು ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗಿಸಬಹುದು. ‘16ಕ್ಕೂ ಸೆಟ್ ಮಾಡಿ ಕೊಡುತ್ತೇವೆ’ ಅನ್ನುವವರು ಇದ್ದಾರೆ. ಅದು ಕಾನೂನಿಗೆ ವಿರುದ್ಧ. ಉಪ್ಪುನೀರಿಗೆ ಅಂತ ಮಾಡಿದ ಸೆಟ್ ಕೂಡ ಅದಲ್ಲ. ಅನುಮತಿ ಇಲ್ಲದ ವಾಕಿಟಾಕಿ ಮಾರಿದ್ದಕ್ಕೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ಮಾರುವವರಿಗೆ ನೋಟಿಸ್ ಬಂತು, ಸರಿ. ಕಡಲಿನ ನಡುವೆ ಅದನ್ನು ನಂಬಿಕೊಂಡವನಿಗೆ ಏನು ಬರುತ್ತದೆ?

ವ್ಯಾಟ್ ಕೇಳಬೇಡಿ, ಎತ್ತರ ಕೇಳಿ

ಅಂಗಡಿಯವರು ಮೊದಲು ಹೇಳುವುದು ವ್ಯಾಟ್. ಕೈಯಲ್ಲಿ ಹಿಡಿಯುವ ಸೆಟ್ ಸಾಮಾನ್ಯವಾಗಿ 5 ಅಥವಾ 6 ವ್ಯಾಟ್. ದೋಣಿಗೆ ಕೂರಿಸುವ ಸೆಟ್ 25 ವ್ಯಾಟ್. ಹಾಗಾದರೆ ಐದು ಪಟ್ಟು ದೂರ ಹೋಗುತ್ತದೆಯೇ? ಇಲ್ಲ.

ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ದೀಪದ ಬೆಳಕಿನ ಹಾಗೆ, ನೇರ ಹೋಗುತ್ತದೆ. ಭೂಮಿ ಉರುಟು, ಕಡಲಿನ ಆಚೆ ತಗ್ಗಿದ ಕಡೆಗೆ ಬೆಳಕು ಇಳಿಯುವುದಿಲ್ಲ. ಕಾಪುವಿನ ದೀಪಸ್ತಂಭವನ್ನು ಬಂಡೆಯ ಮೇಲೆ, ಅಷ್ಟು ಎತ್ತರಕ್ಕೆ ಯಾಕೆ ಕಟ್ಟಿದರು? ಬಲ್ಬ್ ದೊಡ್ಡದು ಮಾಡಿದರೆ ಸಾಲದು, ಎತ್ತರ ಬೇಕು ಅಂತ.

ಒಂದು ಲೆಕ್ಕ ನೆನಪಿಡಿ. ಆಂಟೆನಾ ನೀರಿನಿಂದ 1 ಮೀಟರ್ ಎತ್ತರ ಇದ್ದರೆ ಸುಮಾರು 4 ಕಿಲೋಮೀಟರ್. 4 ಮೀಟರ್ ಎತ್ತರ ಇದ್ದರೆ 8. 9 ಮೀಟರ್ ಇದ್ದರೆ 12. ಆಚೆಯವನ ಆಂಟೆನಾಕ್ಕೂ ಇದೇ ಲೆಕ್ಕ ಹಾಕಿ, ಎರಡನ್ನೂ ಕೂಡಿಸಿ. ಸೆಟ್, ಕೇಬಲ್ ಎಲ್ಲ ಸರಿ ಇದ್ದರೆ ಹೆಚ್ಚೆಂದರೆ ಸುಮಾರು ಅಷ್ಟು ದೂರ.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ಅಲ್ಲಿ ದೋಣಿಯಲ್ಲಿ ಕೂತವನ ಕೈಯಲ್ಲೊಂದು ಸೆಟ್, ಇಲ್ಲಿ ಮರಳಿನ ಮೇಲೆ ನಿಂತ ತಮ್ಮನ ಕೈಯಲ್ಲೊಂದು ಸೆಟ್. 4 ಕೂಡಿಸು 4, ಹೆಚ್ಚೆಂದರೆ 9 ಅಥವಾ 10. ಮುಟ್ಟುವುದಿಲ್ಲ. ಅದೇ ದಡದಲ್ಲಿ 49 ಮೀಟರ್ ಎತ್ತರದ ಟವರಿನ ಮೇಲೆ ಆಂಟೆನಾ ಇದ್ದು, ಕೆಳಗೆ ಯಾರಾದರೂ ಕಿವಿಗೊಟ್ಟು ಕೂತಿದ್ದರೆ? ಆ ಕಡೆಯ ಲೆಕ್ಕ ಸುಮಾರು 29. ಕೂಡಿಸಿ 33. ಕೈ ಸೆಟ್ಟಿನ ಮಾತಿಗೂ ಮುಟ್ಟುವ ದಾರಿ ಆಯಿತು.

ಹಾಗಾಗಿ ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಆಂಟೆನಾಕ್ಕೆ, ಅದನ್ನು ಎತ್ತರಕ್ಕೆ ಏರಿಸುವ ಕಂಬಕ್ಕೆ, ಒಳ್ಳೆಯ ಕೇಬಲಿಗೆ. ಉಪ್ಪು ಹಿಡಿದು ಹಸಿರುಗಟ್ಟಿದ ಕನೆಕ್ಟರ್ ಒಂದಿದ್ದರೆ 25 ವ್ಯಾಟ್ ಸೆಟ್ಟೂ ದಂಡ. ‘ಜಾಸ್ತಿ ಗೇನ್’ ಅಂತ ಉದ್ದುದ್ದ ಆಂಟೆನಾ ಕೊಡಲು ಬಂದರೂ ಯೋಚಿಸಿ. ಅದು ಅಲೆಯನ್ನು ಚಪ್ಪಟೆಯಾಗಿ ದೂರಕ್ಕೆ ಒಗೆಯುತ್ತದೆ. ಓಲಾಡುವ ಸಣ್ಣ ದೋಣಿಯಲ್ಲಿ ಆ ಮಾತು ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ಹೋಗುತ್ತದೆ. ಸಣ್ಣ ದೋಣಿಗೆ ಸಾಧಾರಣ ಆಂಟೆನಾವೇ ಸರಿ.

ಯಾವ ದೋಣಿಗೆ ಯಾವುದು?

ಬ್ಯಾಟರಿ ಇಲ್ಲದ ಸಣ್ಣ ದೋಣಿ, ಪಾತಿ ದೋಣಿ, ಕಯಾಕ್: ಕೈಯಲ್ಲಿ ಹಿಡಿಯುವ ಮರೈನ್ ವಿಎಚ್‌ಎಫ್. ಅದನ್ನು ದೋಣಿಯ ಡಬ್ಬದಲ್ಲಿ ಇಡಬೇಡಿ, ಲೈಫ್ ಜಾಕೆಟಿಗೆ ಕಟ್ಟಿ. ದೋಣಿ ಮಗುಚಿದರೆ ಡಬ್ಬ ಅತ್ತ, ನೀವು ಇತ್ತ.

ಬ್ಯಾಟರಿ ಇರುವ, ಜನರನ್ನು ಕೂರಿಸಿಕೊಂಡು ಹೋಗುವ ದೋಣಿ: ಎರಡೂ ಬೇಕು. ಕೂರಿಸಿದ 25 ವ್ಯಾಟಿನದು ಒಂದು, ನಡೆಸುವವರ ಮೈಮೇಲೆ ಕೈ ಸೆಟ್ ಒಂದು. ಕೂರಿಸಿದ ಸೆಟ್ 25 ವ್ಯಾಟಿನಲ್ಲಿ ಮಾತಾಡುವಾಗ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 5ರಿಂದ 6 ಆಂಪಿಯರ್ ಎಳೆಯುತ್ತದೆ, ಸುಮ್ಮನೆ ಕೇಳುವಾಗ ಬಹಳ ಕಡಿಮೆ. ಸ್ಪೀಕರಿನಲ್ಲಿ ಹಾಡು ಹಾಕಿ ಬ್ಯಾಟರಿ ಖಾಲಿ ಮಾಡಿದರೆ ಆಪತ್ತಿನ ಹೊತ್ತಿಗೆ ಸೆಟ್ ಮೂಕ. ನೀರು ನುಗ್ಗಿ ಬ್ಯಾಟರಿ ಮುಳುಗಿದರೂ ಹಾಗೆಯೇ. ಅದಕ್ಕೇ ಕೈ ಸೆಟ್ ಜೊತೆಗಿರಬೇಕು.

ಕೊಳ್ಳುವಾಗ ಡಬ್ಬದ ಮೇಲೆ ಐಪಿಎಕ್ಸ್7 ಅಥವಾ ಐಪಿಎಕ್ಸ್8 ಅಂತ ಇದೆಯೇ ನೋಡಿ. 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ತಾಳಬೇಕು. 8 ಅಂದರೆ ಅದಕ್ಕಿಂತ ಹೆಚ್ಚು. ನೀರು ತಾಳುವುದು ಬೇರೆ, ತೇಲುವುದು ಬೇರೆ. ‘ತೇಲುತ್ತದಾ?’ ಅಂತ ಬೇರೆಯಾಗಿಯೇ ಕೇಳಿ.

ಹೊರದೇಶದ ಸೆಟ್ಟಿನಲ್ಲಿ ‘ಹವಾಮಾನ ಚಾನೆಲ್’ ಅಂತ ಒಂದು ಗುಂಡಿ ಇರುತ್ತದೆ. ಅದು ಅಮೆರಿಕ, ಕೆನಡಾದವರಿಗೆ. ನಮ್ಮ ಕಡಲಿನಲ್ಲಿ ಅದನ್ನು ಒತ್ತಿದರೆ ಏನೂ ಕೇಳುವುದಿಲ್ಲ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಅಮೆರಿಕದ ಚಾನೆಲ್ ಪಟ್ಟಿಯಲ್ಲಿದ್ದರೆ ಅಂತರರಾಷ್ಟ್ರೀಯ ಪಟ್ಟಿಗೆ ಬದಲಿಸಿಕೊಳ್ಳಿ.

ಲಕ್ಷಗಟ್ಟಲೆ ಕೊಟ್ಟು ದೋಣಿ, ಎಂಜಿನ್ ತರುತ್ತೀರಿ. ಒಳ್ಳೆಯ ಕೈ ಸೆಟ್ ಒಂದು ಮಧ್ಯಮ ಬೆಲೆಯ ಮೊಬೈಲಿನ ಆಸುಪಾಸು. ದುಡ್ಡಿಲ್ಲ ಅನ್ನಬೇಡಿ. ಸ್ಪೀಕರಿಗೆ ಎಲ್ಲಿಂದ ಬಂತು?

ಕೆಂಪು ಗುಂಡಿ ಅಲಂಕಾರಕ್ಕಲ್ಲ

ಈಗಿನ ಒಳ್ಳೆಯ ಸೆಟ್ಟುಗಳಲ್ಲಿ ಸಣ್ಣ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇರುತ್ತದೆ. ಇದಕ್ಕೆ ಡಿಎಸ್‌ಸಿ ಅನ್ನುತ್ತಾರೆ. ಮುಚ್ಚಳ ಎತ್ತಿ ಕೆಲವು ಸೆಕೆಂಡ್ ಒತ್ತಿಹಿಡಿದರೆ 70ನೇ ಚಾನೆಲ್ಲಿನಲ್ಲಿ ನಿಮ್ಮ ದೋಣಿಯ ಗುರುತು, ನೀವಿರುವ ಜಾಗ, ಆಪತ್ತಿನ ಸಂಕೇತ ಮೂರೂ ಹೋಗುತ್ತವೆ. ಡಿಎಸ್‌ಸಿ ಇರುವ ಸುತ್ತಲಿನ ಸೆಟ್ಟುಗಳಲ್ಲಿ ಅಲಾರಂ ಬಡಿಯುತ್ತದೆ. ಬಾಯಿ ಬಿಡಲಾಗದ ಹೊತ್ತಿನಲ್ಲಿಯೂ ಬೆರಳು ಕೆಲಸ ಮಾಡುತ್ತದೆ.

ಆದರೆ ಅದಕ್ಕೆ ಎರಡು ಬೇಕು. ಒಂದು, ಸೆಟ್ಟಿಗೆ ಜಿಪಿಎಸ್ ಸಂಪರ್ಕ. ಎರಡು, 9 ಅಂಕಿಯ ಎಂಎಂಎಸ್‌ಐ ನಂಬರ್. ಭಾರತದ ದೋಣಿಗಳ ನಂಬರ್ 419ರಿಂದ ಶುರುವಾಗುತ್ತದೆ. ನಂಬರ್ ಪಡೆದು ಸೆಟ್ಟಿಗೆ ತುಂಬಿಸದಿದ್ದರೆ ಆ ಗುಂಡಿ ಬರೀ ಅಲಂಕಾರ. ‘ಆಮೇಲೆ ಹಾಕಿಸಿಕೊಳ್ಳಿ’ ಅಂತ ಅಂಗಡಿಯವರು ಹೇಳಿದರೆ ಆಮೇಲೆಯೇ ಕೊಳ್ಳಿ.

ಸರಕಾರಕ್ಕೂ ನಾಲ್ಕು ಮಾತು

ಮರೈನ್ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಅದನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆ, ಸರಳ ಸಂಚಾರ್ ಎನ್ನುವ ಪೋರ್ಟಲ್ ಮೂಲಕ. ಹೆಸರಿನಲ್ಲಿ ಸರಳ ಇದೆ. ಆದರೆ ಇಂಗ್ಲಿಷಿನ ಅರ್ಜಿ, ತಾಂತ್ರಿಕ ಪ್ರಶ್ನೆಗಳು, ದಾಖಲೆ ಮೇಲೆ ದಾಖಲೆ. ಪತ್ರಿಕೋದ್ಯಮ ಓದಿದ ನಾವು ನಾಲ್ಕು ಜನ ಅಣ್ಣನ ಪಕ್ಕ ಕೂತು ತುಂಬಿಸಲು ಹೋಗಿ ಎರಡು ಸಂಜೆ ಕಳೆದೆವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಡಲಿಗಿಳಿದವರು ಏನು ಮಾಡಬೇಕು? ಕಾನೂನು ಪಾಲಿಸುವವನಿಗೆ ಅಲೆದಾಟ, ಕಳ್ಳ ಸೆಟ್ ಕೊಳ್ಳುವವನಿಗೆ ಮನೆ ಬಾಗಿಲಿಗೆ ಡೆಲಿವರಿ. ಇದು ತಲೆಕೆಳಗಾದ ವ್ಯವಸ್ಥೆ.

ಮೀನುಗಾರರಿಗೆ ಒಂದಿಷ್ಟು ದಾರಿ ಇದೆ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯ ಪಟ್ಟಿಯಲ್ಲಿ ಸಾಂಪ್ರದಾಯಿಕ ಮತ್ತು ಮೋಟಾರ್ ದೋಣಿಗಳಿಗೆ ವಿಎಚ್‌ಎಫ್‌ನಂತಹ ಸಂಪರ್ಕ ಸಾಧನಗಳೂ ಇವೆ. ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60. ನಿಮ್ಮ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ‘ಈಗ ಅರ್ಜಿ ತಗೊಳ್ಳುತ್ತೀರಾ?’ ಅಂತ ಕೇಳಿ. 2024ರ ಆಗಸ್ಟಿನಲ್ಲಿ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಉಪಗ್ರಹದ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆಗೂ ಚಾಲನೆ ಸಿಕ್ಕಿತು. ಒಳ್ಳೆಯದೇ. ದೂರ ಕಡಲಿನಿಂದ ದಡಕ್ಕೆ ಸಣ್ಣ ಸಂದೇಶ ಅದರಲ್ಲಿ ಹೋಗುತ್ತದೆ, ದಡದಿಂದಲೂ ಬರುತ್ತದೆ. ಆದರೆ 2 ಕಿಲೋಮೀಟರ್ ಆಚೆ ಇರುವ ಬೋಟನ್ನು ಬಾಯಲ್ಲಿ ಕರೆಯಲು ಅದು ಆಗುವುದಿಲ್ಲ. ಟ್ರಾನ್ಸ್‌ಪಾಂಡರ್ ಬಂತು, ಇನ್ನು ವಿಎಚ್‌ಎಫ್ ಬೇಡ ಅನ್ನುವವರ ಮಾತು ಕೇಳಬೇಡಿ.

ನಮ್ಮ ಬೇಡಿಕೆ ಮೂರು. ಒಂದು, ಬಂದರಿನಲ್ಲಿಯೇ ವರ್ಷಕ್ಕೆ ಎರಡು ಸಲ ಶಿಬಿರ ಮಾಡಿ, ಕನ್ನಡದಲ್ಲಿ ಅರ್ಜಿ ತುಂಬಿಸಿ, ಲೈಸೆನ್ಸ್ ಮತ್ತು ಎಂಎಂಎಸ್‌ಐ ಎರಡೂ ಒಂದೇ ಮೇಜಿನಲ್ಲಿ ಸಿಗುವಂತೆ ಮಾಡಿ. ಎರಡು, ಜನರನ್ನು ಒಯ್ಯುವ ದೋಣಿಯ ತಪಾಸಣೆಯಲ್ಲಿ ಲೈಫ್ ಜಾಕೆಟ್ ಎಣಿಸಿದ ಹಾಗೆ ರೇಡಿಯೋ ಆನ್ ಮಾಡಿಸಿ, ಮಾತಾಡಿಸಿ ನೋಡಿ. ಕಾಗದದಲ್ಲಿ ಇದ್ದರೆ ಸಾಲದು. ಮೂರು, ದಡದಲ್ಲಿ ಎತ್ತರದ ಆಂಟೆನಾ ಹಾಕಿ, ಹಗಲೂ ರಾತ್ರಿ ಕಿವಿಗೊಡುವ ಜನರನ್ನು ಕೂರಿಸಿ. ಕೇಳುವವರಿಲ್ಲದ ಕಡೆ ಕರೆದು ಏನು ಪ್ರಯೋಜನ?

ಕೊಂಡರೆ ಮುಗಿಯಲಿಲ್ಲ

ನಮಗೆ ಇದನ್ನೆಲ್ಲ ಕಲಿಸಿದ ಹಿರಿಯ ತಾಂಡೇಲರೊಬ್ಬರು ಹೇಳಿದ್ದು ಒಂದೇ ಮಾತು: ‘ರೇಡಿಯೋ ಮಾತಾಡ್ಲಿಕ್ಕೆ ಅಲ್ಲ ಮಕ್ಕಳೇ, ಕೇಳ್ಲಿಕ್ಕೆ.’ ನೀವು ಸೆಟ್ ಆಫ್ ಮಾಡಿ ಇಟ್ಟರೆ ಇನ್ನೊಬ್ಬನ ಕೂಗು ನಿಮಗೆ ಕೇಳುವುದಿಲ್ಲ. ಎಲ್ಲರೂ ಹಾಗೆಯೇ ಇಟ್ಟರೆ ನಾಳೆ ನಿಮ್ಮ ಕೂಗು ಯಾರಿಗೂ ಕೇಳುವುದಿಲ್ಲ. ಕಡಲಿಗೆ ಇಳಿದ ಹೊತ್ತಿನಿಂದ 16 ಆನ್ ಇರಲಿ. ಮೀನಿನ ರೇಟು, ಮದುವೆ ಊಟದ ಸುದ್ದಿ ಅದರಲ್ಲಿ ಬೇಡ, ಬೇರೆ ಚಾನೆಲ್ಲಿಗೆ ಹೋಗಿ. ಮಾತಿನ ಗುಂಡಿ ಯಾವುದೋ ಗೋಣಿಯ ಅಡಿ ಸಿಕ್ಕಿ ಒತ್ತಿಕೊಂಡೇ ಇದ್ದರೆ ಸುತ್ತಲಿನವರ ಬಾಯಿ ಕಟ್ಟಿದ ಹಾಗೆ, ಅದನ್ನೂ ನೋಡಿಕೊಳ್ಳಿ.

ಆಪತ್ತು ಬಂದರೆ ಹೀಗೆ. ಪೂರ್ತಿ ಪವರಿಗೆ ಹಾಕಿ, 16ಕ್ಕೆ ಹೋಗಿ, ಗುಂಡಿ ಒತ್ತಿ ಒಂದು ಉಸಿರು ತಡೆದು ಮಾತಾಡಿ. ‘ಮೇಡೇ, ಮೇಡೇ, ಮೇಡೇ.’ ದೋಣಿಯ ಹೆಸರು ಮೂರು ಸಲ. ಎಲ್ಲಿದ್ದೀರಿ: ಜಿಪಿಎಸ್ ಅಂಕಿ, ಅಥವಾ ‘ಇಂಥ ದ್ವೀಪದಿಂದ ಪಡುವಣಕ್ಕೆ ಇಷ್ಟು ದೂರ’. ಏನಾಗಿದೆ. ಎಷ್ಟು ಜನ. ಗುಂಡಿ ಬಿಡಿ, ಕೇಳಿ. ಉತ್ತರ ಬರದಿದ್ದರೆ ಮತ್ತೆ ಹೇಳಿ. ಇದನ್ನು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ ಸೆಟ್ಟಿನ ಪಕ್ಕ ಅಂಟಿಸಿ. ನಡೆಸುವವರು ನೀರಿಗೆ ಬಿದ್ದರೆ ಹೇಳಬೇಕಾದವರು ದೋಣಿಯಲ್ಲಿ ಉಳಿದವರು.

ಕೊನೆಗೆ, ದೋಣಿ ಇಲ್ಲದ ನಮ್ಮ ಓದುಗರಿಗೆ. ಮಲ್ಪೆ, ಮುರ್ಡೇಶ್ವರ, ಕಾರವಾರ ಅಂತ ಮಕ್ಕಳನ್ನು ಕಟ್ಟಿಕೊಂಡು ಬರುತ್ತೀರಿ, ಟಿಕೆಟ್ ಕೊಟ್ಟು ಹತ್ತುತ್ತೀರಿ. ಹತ್ತುವ ಮೊದಲು ಮೂರು ಪ್ರಶ್ನೆ ಕೇಳಿ. ರೇಡಿಯೋ ಉಂಟಾ? ಆನ್ ಉಂಟಾ? ದಡದಲ್ಲಿ ಕೇಳುವವರು ಯಾರು? ಮೂರಕ್ಕೂ ಉತ್ತರ ಸಿಗದಿದ್ದರೆ ಹತ್ತಬೇಡಿ. ನೀವು ನಾಲ್ಕು ಜನ ಇಳಿದು ಹೋದರೆ ಮುಂದಿನ ವಾರ ಆ ದೋಣಿಗೆ ರೇಡಿಯೋ ಬರುತ್ತದೆ.

ನಮ್ಮ ಅಣ್ಣನ ದೋಣಿಗೆ ಆಂಟೆನಾ ಕಂಬ ಬಂದಿದೆ, ಲೈಸೆನ್ಸಿನ ಅರ್ಜಿ ಹೋಗಿದೆ. ಲೈಸೆನ್ಸ್ ಬಂದು ಸೆಟ್ ಕೂರಿಸುವವರೆಗೆ ಜನರನ್ನು ಅಳಿವೆ ದಾಟಿಸುವುದಿಲ್ಲ, ಹೊಳೆಯ ಒಳಗೇ ಸುತ್ತಿಸುತ್ತೇನೆ ಅಂತ ಅವರೇ ಹೇಳಿದ್ದಾರೆ. ಸಂಪಾದನೆ ಕಡಿಮೆ ಆಗಿದೆ, ನಮ್ಮನ್ನು ಕಂಡಾಗ ಒಂದೆರಡು ಮಾತು ಬಯ್ಯುತ್ತಾರೆ. ಬಯ್ಯಲಿ. ಬಯ್ಯಲು ಅವರು ದಿನಾ ಸಂಜೆ ದಡಕ್ಕೆ ಬರಬೇಕು, ನಮಗೆ ಬೇಕಾದದ್ದು ಅಷ್ಟೇ.